ಗುಡಿಸಿದ ಅಂಗಳ

ರವೀಂದ್ರನಾಥ ಠಾಕೂರರು 1883ರಲ್ಲಿ ಕಾರವಾರಕ್ಕೆ ಬಂದಾಗ ಅವರಿಗೆ ಇಪ್ಪತ್ತೆರಡು ವರ್ಷ. ಅಣ್ಣ ಸತ್ಯೇಂದ್ರನಾಥರು ಅಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದರು. ಉತ್ತರ ಕನ್ನಡದ ಆ ಬಂದರು, ಕಲ್ಕತ್ತೆಯಿಂದ ಬಂದವರಿಗೆ ಎಲ್ಲಿಯೋ ದೂರದ ಊರು. ಅರ್ಧಚಂದ್ರದಂಥ ಕಡಲದಂಡೆ, ಗಾಳಿಮರಗಳ ಸಾಲು, ಪಕ್ಕದಲ್ಲೇ ಸಮುದ್ರ ಸೇರುವ ಕಾಳಿ ನದಿ. ಊಟ, ವಸತಿ, ಆಳುಕಾಳು ಯಾವುದರ ಚಿಂತೆಯೂ ಇರಲಿಲ್ಲ. ಅಲ್ಲಿ ಅವರು ‘ಪ್ರಕೃತಿರ್ ಪ್ರತಿಶೋಧ್’ ಎಂಬ ನಾಟಕ ಬರೆದು ಹೊರಟರು. ಈಗ ಇದನ್ನೇ ನಾವು ರೆಸಿಡೆನ್ಸಿ ಎನ್ನುತ್ತೇವೆ.

ಪುಣೆಯ ಯುವ ಕಲಾವಿದರಿಗೆ ಈ ಪದ ಈಗ ಹೊಸದಲ್ಲ. ಕೆಲವರು ಕೊಂಕಣದ ಹಳ್ಳಿಗೆ ಹೋಗುತ್ತಾರೆ, ಕೆಲವರು ಇನ್ನೂ ದೂರಕ್ಕೆ. ಐಸ್‌ಲ್ಯಾಂಡಿನ ಉತ್ತರ ತೀರದಲ್ಲಿ ಸ್ಕಾಗಸ್ತ್ರೋಂಡ್ ಎಂಬ ಪುಟ್ಟ ಮೀನುಗಾರರ ಊರಿದೆ. ಅಲ್ಲಿ 2008ರಿಂದ ದೇಶದೇಶದ ಕಲಾವಿದರು ತಿಂಗಳ ಲೆಕ್ಕದಲ್ಲಿ ಬಂದು ಇದ್ದು ಹೋಗುತ್ತಾರೆ. ಎಲ್ಲಿಗೆ ಹೋದರೂ ಮುಗಿಸುವ ಕ್ರಮ ಹೆಚ್ಚುಕಡಿಮೆ ಒಂದೇ: ಕೊನೆಯ ವಾರ ಒಂದು ಪ್ರದರ್ಶನ, ಊರವರೊಂದಿಗೆ ಊಟ, ಹಣ ಕೊಟ್ಟ ಸಂಸ್ಥೆಗೊಂದು ವರದಿ. ರೆಸಿಡೆನ್ಸಿ ಮುಗಿಯಿತು ಎನ್ನುತ್ತಾರೆ. ಮುಗಿದದ್ದು ಏನು? ಚಿತ್ರ ಮುಗಿದಿರಬಹುದು, ಮಂಜೂರಾದ ದಿನಗಳು ಮುಗಿದಿರಬಹುದು. ಒಂದು ಊರಿನ ಅನ್ನ ಉಂಡು ಅಲ್ಲಿ ಕೂತು ಏನನ್ನೋ ಕಂಡುಕೊಂಡವನ ಸಂಬಂಧ ಅಷ್ಟಕ್ಕೇ ಮುಗಿಯುತ್ತದೆ ಎಂದು ನನಗೆ ಅನ್ನಿಸುವುದಿಲ್ಲ.

ಈ ಮಾತನ್ನು ಕಾರವಾರದ ಆ ನಾಟಕವೇ ಎತ್ತಿಕೊಂಡಿದೆ. ಅದರ ಸಂನ್ಯಾಸಿ ಗುಹೆಯೊಳಗೆ ಕೂತು ಎಲ್ಲ ಬಂಧಗಳನ್ನೂ ಕಡಿದುಕೊಂಡು, ಪ್ರಕೃತಿಯನ್ನು ಗೆದ್ದೆ, ಸಾಧನೆ ಪೂರೈಸಿತು ಎಂದುಕೊಂಡು ಹೊರಬರುತ್ತಾನೆ. ದಾರಿಯಲ್ಲಿ ಯಾರಿಗೂ ಬೇಡವಾದ ಒಬ್ಬಳು ಅನಾಥ ಹುಡುಗಿ ಅವನನ್ನು ಹಚ್ಚಿಕೊಳ್ಳುತ್ತಾಳೆ. ಮಮತೆ ಹುಟ್ಟುತ್ತಿದೆ ಎಂದು ಗೊತ್ತಾದದ್ದೇ ಅವನು ಹೆದರಿ ಬಿಟ್ಟು ಓಡುತ್ತಾನೆ. ಮನಸ್ಸು ತಡೆಯದೆ ತಿರುಗಿ ಬರುವಷ್ಟರಲ್ಲಿ ಅವಳು ಇಲ್ಲ. ತನ್ನ ಮುಂದಿನ ಬರವಣಿಗೆಗೆಲ್ಲ ಈ ಕೃತಿಯೇ ಪೀಠಿಕೆ ಎಂಬರ್ಥದಲ್ಲಿ ಠಾಕೂರರು ಆಮೇಲೆ ಬರೆದರು. ಅಸೀಮವಾದದ್ದು ಸೀಮೆಯೊಳಗೇ ಸಿಗುತ್ತದೆ ಎಂಬ ಅರಿವನ್ನು ಅವರು ಇದರಲ್ಲಿ ಗುರುತಿಸಿದರು. ನನಗೆ ಅದಕ್ಕಿಂತಲೂ ಮುಖ್ಯವಾಗಿ ಕಾಣುವುದು, ಎರಡು ಸಲ ‘ಮುಗಿಯಿತು’ ಎಂದುಕೊಂಡು ಎರಡು ಸಲವೂ ತಪ್ಪಿದ ಆ ಮನುಷ್ಯ. ಗುಹೆಯಿಂದ ಹೊರಟಾಗ ತಪಸ್ಸು ಮುಗಿದಿರಲಿಲ್ಲ, ಹುಡುಗಿಯನ್ನು ಬಿಟ್ಟಾಗ ಋಣ ಮುಗಿದಿರಲಿಲ್ಲ.

ಠಾಕೂರರ ‘ಜೀವನಸ್ಮೃತಿ’ 1912ರಲ್ಲಿ ಪುಸ್ತಕವಾಯಿತು. ಅದರಲ್ಲಿ ಕಾರವಾರದ ಒಂದು ರಾತ್ರಿಯ ನೆನಪಿದೆ. ದೋಣಿಯಲ್ಲಿ ಕಾಳಿ ನದಿಯ ಮೇಲಕ್ಕೆ ಹೋಗಿ, ಬೆಟ್ಟದ ಮೇಲಿನ ಹಳೆಯ ಕೋಟೆ ನೋಡಿ, ಆಮೇಲೆ ಒಬ್ಬ ರೈತನ ಮನೆಯ ಶುಭ್ರವಾಗಿ ಗುಡಿಸಿದ ಅಂಗಳದಲ್ಲಿ, ಬೆಳದಿಂಗಳು ಬಿದ್ದ ಕಡೆ ಕೂತು, ಕಟ್ಟಿಕೊಂಡು ಹೋಗಿದ್ದ ಬುತ್ತಿ ಉಂಡು ಮರಳಿದರಂತೆ. ಸುಮಾರು ಮೂವತ್ತು ವರ್ಷ ಆ ಅಂಗಳ ಅವರ ಮನಸ್ಸಿನಲ್ಲಿ ಉಳಿದಿತ್ತು. ಗುಡಿಸಿದವಳು ಯಾರು? ಗುಡಿಸಿದ್ದು ಹೆಣ್ಣೇ ಎಂದು ಹೇಳಲೂ ಆಧಾರವಿಲ್ಲ, ಆದರೆ ನಮ್ಮ ಕಡೆ ಅಂಗಳ ಗುಡಿಸುವವರು ಯಾರೆಂದು ನಮಗೆ ಗೊತ್ತು. ರಾತ್ರಿ ಹೊತ್ತು ನ್ಯಾಯಾಧೀಶರ ಮನೆಯವರು ಅಂಗಳಕ್ಕೆ ಬಂದಾಗ ಆ ಮನೆಯವರು ಏನಂದುಕೊಂಡರು, ಕೂರಿ ಎಂದು ಮನಸಾರೆ ಹೇಳಿದರೋ ಬೇರೆ ದಾರಿಯಿಲ್ಲದೆ ಹೇಳಿದರೋ? ಠಾಕೂರರ ಮೇಲೆ ನಾನು ದೂರು ಹೊರಿಸುತ್ತಿಲ್ಲ. ಅಂಗಳ ಗುಡಿಸಿತ್ತು ಎಂಬುದನ್ನು ಕಂಡು, ನೆನಪಿಟ್ಟುಕೊಂಡು, ಬರೆದವರು ಅವರು. ಬೆಳದಿಂಗಳನ್ನಷ್ಟೇ ಬರೆದಿದ್ದರೂ ಯಾರೂ ಕೇಳುತ್ತಿರಲಿಲ್ಲ. ಕಲಾವಿದನ ಏಕಾಂತದ ಕೆಳಗೆ ಯಾವಾಗಲೂ ಇಂಥದೊಂದು ಅಂಗಳ ಇರುತ್ತದೆ.

ಪುಣೆಯಲ್ಲಿ ಕೂತು ಇದನ್ನು ಯೋಚಿಸುವ ಕನ್ನಡಿಗನಿಗೆ ಕುಂದಗೋಳ ನೆನಪಾಗದೆ ಇರದು. ಹನ್ನೊಂದರ ವಯಸ್ಸಿನಲ್ಲಿ, 1933ರಲ್ಲಿ, ಸಂಗೀತದ ಗುರುವನ್ನು ಹುಡುಕಿ ಗದಗಿನ ಮನೆ ಬಿಟ್ಟು ಓಡಿದ ಭೀಮಸೇನ ಜೋಶಿ ಎಲ್ಲೆಲ್ಲೋ ಅಲೆದು ಕೊನೆಗೆ ನೆಲೆ ನಿಂತದ್ದು ಹುಬ್ಬಳ್ಳಿ ಹತ್ತಿರದ ಕುಂದಗೋಳದಲ್ಲಿ, ಸವಾಯಿ ಗಂಧರ್ವರ ಮನೆಯಲ್ಲಿ. ಅಲ್ಲಿ ನೀರು ಹೊತ್ತರು, ಮನೆಗೆಲಸ ಮಾಡಿದರು, ನಡುನಡುವೆ ಪಾಠ. ಅನ್ನದ, ನೀರಿನ ಬೆಲೆ ಅವರ ಮೈಗೇ ಗೊತ್ತಿತ್ತು. ಹಾಗೆಂದು ಗುರುಕುಲವನ್ನು ನಾನು ಹೊಗಳಿ ಕೂರಲಾರೆ. ಎಷ್ಟೋ ಕಡೆ ಅದು ಬಿಟ್ಟಿ ಚಾಕರಿಯಾಗಿತ್ತು. ಎಲ್ಲರಿಗೂ ಅದರ ಬಾಗಿಲು ತೆರೆದಿರಲಿಲ್ಲ. ಅದೇ ಗುರುವಿನ ಹತ್ತಿರ ಕಲಿತ ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ರೈಲಿನಲ್ಲಿ ಕುಂದಗೋಳಕ್ಕೆ ಹೋಗಿ, ಪಾಠ ಮುಗಿಸಿ, ಮತ್ತೆ ರೈಲಿನಲ್ಲಿ ಮನೆಗೆ ಬರುತ್ತಿದ್ದರು. ಸಂಸಾರದ ಹೊರೆ ಹೊತ್ತ ಹೆಣ್ಣಿಗೆ ಗುರುವಿನ ಊರಲ್ಲಿ ಉಳಿದು ಕಲಿಯುವ ಸುಖ ಎಲ್ಲಿಯದು?

ಆದ್ದರಿಂದಲೇ ರೆಸಿಡೆನ್ಸಿಗಳು ಬೇಕು ಎಂದು ನಾನು ಬಲವಾಗಿ ನಂಬಿದ್ದೇನೆ. ಪುಣೆಯ ಕೊತ್ರೂಡಿನ ಎರಡು ಕೋಣೆಯ ಮನೆಯಲ್ಲಿ ಮಕ್ಕಳು ಮಲಗಿದ ಮೇಲೆ ಕ್ಯಾನ್ವಾಸ್ ಬಿಚ್ಚುವ ಹೆಣ್ಣುಮಗಳಿಗೆ ಎರಡು ತಿಂಗಳು ಯಾರೋ ಅಡುಗೆ ಮಾಡಿ ಹಾಕಿದರೆ ಅದು ದೊಡ್ಡ ಉಪಕಾರ. ಕಲಾವಿದರೆಲ್ಲ ನೀರು ಹೊರಲಿ ಎಂಬ ವಾದ ನನ್ನದಲ್ಲ. ತನ್ನ ಬಿಡುವು ಯಾರ ದುಡಿಮೆಯಿಂದ ಬಂತು ಎಂಬ ತಿಳಿವು ಕೊನೆಯ ದಿನ ಸಾಮಾನಿನ ಜೊತೆ ಕಟ್ಟಿಡುವಂಥದ್ದಲ್ಲ ಎಂಬುದಷ್ಟೇ ನನ್ನ ವಾದ. ಹೊರಡುವ ವಾರದಲ್ಲಿ ಶಾಲೆಯ ಗೋಡೆಗೆ ಅವಸರದ ಒಂದು ಚಿತ್ರ ಬರೆದು ಊರಿನ ಋಣ ತೀರಿಸಿದೆವು ಎಂದುಕೊಳ್ಳುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಬಡ್ಡಿಯ ಲೆಕ್ಕ ಚುಕ್ತಾ ಮಾಡಿದ ಹಾಗೆ ಅದು. ಋಣ ತೀರಿದರೆ ಸಂಬಂಧವೂ ತೀರಿತು.

ಊರು ಮಾತ್ರ ಮುಗಿಯುವುದಿಲ್ಲ. ಠಾಕೂರರ ದೋಣಿ ಸಾಗಿದ ಅದೇ ಕಾಳಿ ನದಿಗೆ ಆಮೇಲೆ ಸೂಪಾದಲ್ಲಿ ಅಣೆಕಟ್ಟು ಬಂದು ಸೂಪಾ ಊರೇ ಮುಳುಗಿತು. ದಂಡೆಯ ಕೈಗಾದಲ್ಲಿ ಅಣುವಿದ್ಯುತ್ ಸ್ಥಾವರ ಬಂದು 2000ರಲ್ಲಿ ವಾಣಿಜ್ಯ ಉತ್ಪಾದನೆ ಶುರುಮಾಡಿತು. ಕಾರವಾರದಿಂದ ಅಂಕೋಲೆಯ ಕಡೆಗಿನ ಕರಾವಳಿಯನ್ನು ಸೀಬರ್ಡ್ ನೌಕಾನೆಲೆಗೆ ಪಡೆದಾಗ ಎಷ್ಟೋ ಮೀನುಗಾರ, ರೈತ ಕುಟುಂಬಗಳು ಮನೆ, ಗದ್ದೆ, ದಂಡೆ ಬಿಟ್ಟು ಎದ್ದವು. ಕಲಾವಿದ ಮೆಚ್ಚುವ ಗುಣವನ್ನೇ ಯೋಜನೆ ಮಾಡುವವರೂ ಮೆಚ್ಚುತ್ತಾರೆ: ಊರು ದೂರ, ಜನ ಕಡಿಮೆ, ಸದ್ದಿಲ್ಲ. ಆ ಊರನ್ನು ‘ಖಾಲಿ’ ಎಂದು ಬಣ್ಣಿಸುವ ಪ್ರತಿ ಕೆಟಲಾಗೂ, ತನಗರಿವಿಲ್ಲದೆ, ಅಲ್ಲಿಯವರ ವಿರುದ್ಧ ಒಂದು ಸಾಕ್ಷಿ ಹೇಳುತ್ತದೆ. ಅಲ್ಲಿ ಹುಟ್ಟಿದವರಿಗೆ ಅದು ದೂರದ ಊರಲ್ಲ. ಪುಣೆ ದೂರ.

ಕೋಟದಲ್ಲಿ ಹುಟ್ಟಿ ಪುತ್ತೂರಿನಲ್ಲಿ ಬಾಳಿದ ಶಿವರಾಮ ಕಾರಂತರಿಗೆ ಕೈಗಾ ತಮ್ಮ ಊರಾಗಿರಲಿಲ್ಲ. ಆದರೂ 1989ರಲ್ಲಿ, ಎಂಬತ್ತೇಳರ ಹತ್ತಿರದ ವಯಸ್ಸಿನಲ್ಲಿ, ಸ್ಥಾವರವನ್ನು ವಿರೋಧಿಸಿ ಕೆನರಾ ಕ್ಷೇತ್ರದಿಂದ ಲೋಕಸಭೆಗೆ ನಿಂತರು. ಸೋತರು. ಆ ಕಡಲು, ಆ ಕಾಡು, ಆ ಜನರಿಂದ ಜೀವಮಾನವಿಡೀ ಪಡೆದ ಬರಹಗಾರ ಹೀಗೆ ಎದ್ದು ನಿಂತದ್ದನ್ನು ನಾನು ಅವರ ಸಾಹಿತ್ಯದಿಂದ ಬೇರ್ಪಡಿಸಿ ನೋಡಲಾರೆ. ಭೀಮಸೇನರದು ಬೇರೆ ರೀತಿ. ಗುರು 1952ರಲ್ಲಿ ತೀರಿಕೊಂಡರು. ಮರುವರ್ಷವೇ ಪುಣೆಯಲ್ಲಿ ಅವರ ಹೆಸರಿನ ಸಂಗೀತೋತ್ಸವ ಆರಂಭವಾಯಿತು. ದಶಕಗಳ ಕಾಲ ಅದನ್ನು ಹೊತ್ತು ನಡೆಸಿದವರು, ಕುಂದಗೋಳದಲ್ಲಿ ನೀರು ಹೊತ್ತ ಆ ಹುಡುಗನೇ. ಡಿಸೆಂಬರಿನ ಚಳಿಯಲ್ಲಿ ಶಾಲು ಹೊದ್ದು ‘ಸವಾಯಿ’ಗೆ ಹೊರಡುವ ಪುಣೆಕರರಲ್ಲಿ ಅನೇಕರು ಕುಂದಗೋಳ ಕಂಡಿರಲಿಕ್ಕಿಲ್ಲ.

ಹಣ ಕೊಡುವ ಸಂಸ್ಥೆಗಳು ಕೊನೆಯ ವಾರದ ಪ್ರದರ್ಶನವನ್ನು ಕೇಳುವುದು ಬಿಡಲಿ. ಐದು ವರ್ಷ ಬಿಟ್ಟು ಒಂದು ಕಾಗದ ಬರೆದು ಕೇಳಲಿ: ನಿಮಗೆ ಅಡುಗೆ ಮಾಡಿ ಹಾಕಿದವರು ಈಗ ಹೇಗಿದ್ದಾರೆ, ದೋಣಿ ಇನ್ನೂ ಅವರದೇ ಇದೆಯೇ, ದಂಡೆ ಇನ್ನೂ ಅವರದೇ ಇದೆಯೇ, ನೀವು ಮತ್ತೆ ಯಾವಾಗ ಹೋಗುತ್ತೀರಿ?