ಹಸಿರು ಚುಕ್ಕೆಯ ಆಚೆ

ಮಾತಿಗೆ ಜನ ಸಿಗುವ ಲೈವ್ ಚಾಟ್ ಆ್ಯಪ್ ತೆರೆದರೆ ಮೊದಲು ಕಾಣುವುದು ಮುಖಗಳ ಸಾಲು. ಒಂದೊಂದು ಫೋಟೊದ ಕೆಳಗೂ ಹೆಸರು, ವಯಸ್ಸು, ಆಡುವ ಭಾಷೆ, ನಿಮಿಷಕ್ಕೆ ಇಷ್ಟು ಕಾಯಿನ್ ಎಂಬ ದರ. ಮೂಲೆಯಲ್ಲಿ ಹಸಿರು ಚುಕ್ಕೆಯಿದ್ದರೆ ಆಕೆ ಈಗ ಸಿಗುತ್ತಾಳೆ. ಈಕೆ ಬೇಡ, ಆಕೆಯನ್ನು ನೋಡೋಣ, ಇನ್ನೂ ಕೆಳಗೆ ಚೆನ್ನಾಗಿರುವವರು ಇರಬಹುದು ಎಂದು ಹೆಬ್ಬೆರಳು ಸರಿಯುತ್ತಲೇ ಇರುತ್ತದೆ.

ಯಾಹೂ ಚಾಟ್ ರೂಮುಗಳ ಕಾಲದಲ್ಲಿ, ಸೈಬರ್ ಕೆಫೆಯ ಪ್ಲೈವುಡ್ ಗೂಡಿನಲ್ಲಿ ಕೂತವರಿಗೆ ಕಾಣುತ್ತಿದ್ದುದು ಬರೀ ಹೆಸರುಗಳ ಪಟ್ಟಿ. ಅವೂ ಇಟ್ಟುಕೊಂಡ ಹೆಸರುಗಳೇ. ‘ಎಎಸ್‌ಎಲ್’ ಎಂದು ಟೈಪ್ ಮಾಡಿ ವಯಸ್ಸು, ಹೆಣ್ಣೋ ಗಂಡೋ, ಯಾವೂರು ಎಂದು ಕೇಳಬೇಕಿತ್ತು. ಸುಳ್ಳು, ಅಸಭ್ಯತೆ ಅಲ್ಲೂ ಬೇಕಾದಷ್ಟಿದ್ದವು. ಆ ಕಾಲವನ್ನು ಹೊಗಳಲಾರೆ. ಆದರೂ ಎದುರಿನವರು ಎಂಥವರೆಂದು ತಿಳಿಯಲು ಮಾತಾಡದೆ ದಾರಿಯಿರಲಿಲ್ಲ. 2012ರ ಡಿಸೆಂಬರ್‌ನಲ್ಲಿ ಯಾಹೂ ಆ ರೂಮುಗಳನ್ನು ಮುಚ್ಚಿತು. ಅದೇ ವರ್ಷ ಅಮೆರಿಕದಲ್ಲಿ ಟಿಂಡರ್ ಎಂಬ ಡೇಟಿಂಗ್ ಆ್ಯಪ್ ಶುರುವಾಯಿತು. ಫೋಟೊವನ್ನು ಬಲಕ್ಕೆ ಸರಿಸಿದರೆ ಒಪ್ಪಿಗೆ, ಎಡಕ್ಕೆ ಸರಿಸಿದರೆ ಬೇಡ ಎಂಬ ರೂಢಿ ಹರಡಿದ್ದು ಅದರಿಂದ. ಮಾತಾಡಿದ ಮೇಲೆ ನಡೆಯುತ್ತಿದ್ದ ಆಯ್ಕೆ ಮಾತಿಗೆ ಮೊದಲೇ ನಡೆಯತೊಡಗಿತು.

ಆರಿಸುವುದೇ ತಪ್ಪೆಂದು ನಾನು ಹೇಳುತ್ತಿಲ್ಲ. ನಮ್ಮ ಮನೆಗಳಲ್ಲಿ ಹೆಣ್ಣು ನೋಡುವ ಶಾಸ್ತ್ರ ಇದ್ದೇ ಇದೆ. ಉಪ್ಪಿಟ್ಟು, ಕೇಸರಿಬಾತು ತಿಂದು ‘ಊರಿಗೆ ಹೋಗಿ ತಿಳಿಸುತ್ತೇವೆ’ ಎಂದು ಎದ್ದುಹೋದವರು ಎಷ್ಟೋ ಹೆಣ್ಣುಮಕ್ಕಳ ಮನಸ್ಸು ನೋಯಿಸಿದ್ದಾರೆ. ಆದರೆ ಬೇಡ ಎನ್ನುವವರೂ ಆ ಮನೆಯ ಚಾಪೆಯ ಮೇಲೆ ಕೂರಬೇಕಿತ್ತು, ಕಾಫಿ ತಂದುಕೊಟ್ಟವಳ ಮುಖ ನೋಡಬೇಕಿತ್ತು. ಅಷ್ಟು ಮುಜುಗರವಾದರೂ ಅವರ ಪಾಲಿಗಿತ್ತು. ಫೋನಿನಲ್ಲಿ ಅದೂ ಇಲ್ಲ. ಎದುರಿಗಿರುವುದು ಒಂದು ಜೀವ ಎಂಬುದು ಮರೆತುಹೋಗುವುದು ಇಲ್ಲಿಯೇ.

ದರ ಹಾಕಿಕೊಂಡು ಕೂತವಳಿಗೆ ಇದು ಹೊಟ್ಟೆಪಾಡು. ತಲೆ ಬಾಚಿ, ದೀಪ ಸರಿಮಾಡಿ, ಹಿಂದೆ ಒಣಹಾಕಿದ ಬಟ್ಟೆ ಕಾಣದಂತೆ ಫೋನನ್ನು ಡಬ್ಬಿಗೆ ಒರಗಿಸಿ ಕಾಯುತ್ತಾಳೆ. ನಿಮಿಷದ ಲೆಕ್ಕದಲ್ಲಿ ದುಡಿಯುವವರಿಗೆ ಕಾಯುವ ಹೊತ್ತಿಗೆ ಕೂಲಿಯಿಲ್ಲ. ಬಂದ ಕಾಯಿನ್‌ನಲ್ಲೂ ಕಂಪನಿ ತನ್ನ ಪಾಲು ಮುರಿದುಕೊಳ್ಳುತ್ತದೆ. ಕರೆ ಮಾಡಿದವನು ಒರಟಾಗಿ ಮಾತಾಡಿದರೂ ನಗುತ್ತಿರಬೇಕು, ಇಲ್ಲದಿದ್ದರೆ ಅವನು ಕೊಡುವ ಸ್ಟಾರ್ ಕಡಿಮೆಯಾದೀತೆಂಬ ಭಯ.

ಕರೆ ಮಾಡುವವನ ಕಷ್ಟವೂ ಸುಳ್ಳಲ್ಲ. ಪೀಣ್ಯದಲ್ಲಿ ಸೆಕೆಂಡ್ ಶಿಫ್ಟ್ ಮುಗಿಸಿ ಬಾಡಿಗೆ ರೂಮಿಗೆ ಬಂದವನಿಗೆ ‘ಊಟ ಆಯ್ತಾ’ ಎಂದು ಕೇಳುವವರು ಬೇಕೆನಿಸಿದರೆ ಅದರಲ್ಲಿ ನಾಚಿಕೆಪಡುವುದೇನಿದೆ?

ನೀವು ಅಂಥ ಕರೆ ಮಾಡುವವರಾದರೆ ಒಂದು ಕೇಳಿಕೆ. ಆಕೆ ಒಲ್ಲೆ ಎಂದದ್ದನ್ನು ಮತ್ತೆ ಕೇಳಬೇಡಿ. ಮಾತು ಸಾಕೆನಿಸಿದಾಗ ಥಟ್ಟನೆ ಕಟ್ ಮಾಡದೆ, ‘ಸರಿ, ಬರ್ತೀನಿ’ ಎಂದು ಹೇಳಿ ಫೋನ್ ಇಡಿ.