ಅವಧಾನವಿಲ್ಲದ ಅರ್ಪಣೆ

ದಾಸೋಹವೆಂದೊಡನೆ ಅನ್ನದಾಸೋಹದ ಪಂಕ್ತಿಯೇ ಕಣ್ಣಮುಂದೆ ನಿಲ್ಲುವುದು ಸಹಜ. ಆದರೆ ಶರಣರು ಬೋಧಿಸಿದ ದಾಸೋಹವು ಧನಕ್ಕೆ ಮಾತ್ರ ಸೀಮಿತವಾದುದಲ್ಲ. ತನುವೂ ಮನವೂ ಅದರಲ್ಲಿ ಸೇರಿವೆ. ಮೈಮುರಿದು ದುಡಿಯುವುದು, ರೋಗಿಗಳ ಶುಶ್ರೂಷೆ ಮಾಡುವುದು ಮುಂತಾದುವನ್ನು ತನುವಿನ ದಾಸೋಹವೆಂದು ಹಿರಿಯರು ಎಣಿಸಿದರು. ಈ ಕಾಲದಲ್ಲಿ ಅದಕ್ಕೆ ಹೊಸದೊಂದು ಸಂದರ್ಭ ಒದಗಿದೆ. ಹೊಸ ಔಷಧವೊಂದರ ಗುಣದೋಷಗಳನ್ನು ಲೋಕಕ್ಕೆ ತಿಳಿಸಿಕೊಡುವ ಸಲುವಾಗಿ ಮನುಷ್ಯನು ತನ್ನ ಶರೀರವನ್ನೇ ಪರೀಕ್ಷೆಗೆ ಒಡ್ಡುವುದುಂಟು. ಇದನ್ನು ಕ್ಲಿನಿಕಲ್ ಟ್ರಯಲ್ ಅಥವಾ ಚಿಕಿತ್ಸಾಪ್ರಯೋಗವೆನ್ನುತ್ತಾರೆ. ಹೀಗೆ ಒಡ್ಡಿದ ಶರೀರವು ದಾಸೋಹವಾಗುವುದು ಯಾವಾಗ, ಬಲಿಯಾಗುವುದು ಯಾವಾಗ? ವಿಚಾರಿಸಬೇಕಾದ ಪ್ರಶ್ನೆ ಇದು.

ಇದು ದೂರದೇಶದ ಮಾತಲ್ಲ. ಡಾ. ಟಿ. ಎಂ. ಎ. ಪೈಗಳು 1953ರಲ್ಲಿ ಮಣಿಪಾಲದ ಗುಡ್ಡದ ಮೇಲೆ ಕಸ್ತೂರಬಾ ವೈದ್ಯಕೀಯ ಕಾಲೇಜನ್ನು ಸ್ಥಾಪಿಸಿದರು. ಇಂದು ಅಲ್ಲಿ ವಿಶ್ವವಿದ್ಯಾಲಯವೇ ಬೆಳೆದು ನಿಂತಿದೆ. ಉಡುಪಿಯ ಪೇಟೆಯಿಂದ, ಕಾಪುವಿನ ಕಡಲತೀರದಿಂದ, ಕಾರ್ಕಳದ ಹಳ್ಳಿಗಳಿಂದ ಜನರು ಅಲ್ಲಿಯ ಆಸ್ಪತ್ರೆಗೆ ಬರುತ್ತಾರೆ. ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ಚಿಕಿತ್ಸೆಯೊಡನೆ ಅಧ್ಯಯನವೂ ನಡೆಯತಕ್ಕುದೇ. ಆದುದರಿಂದ ಗುಣವಾಗಲೆಂದು ಬಂದ ರೋಗಿಯ ಮುಂದೆ, ಪ್ರಯೋಗದಲ್ಲಿ ಸೇರುವಿರಾ ಎಂಬ ಪ್ರಶ್ನೆ ಯಾವುದಾದರೊಂದು ದಿನ ಬರಬಹುದು. ಆ ದಿನ ಅವನು ಏನನ್ನು ತಿಳಿದಿರಬೇಕು?

ಮೊದಲು ತಿಳಿಯಬೇಕಾದುದು, ಪ್ರಯೋಗವು ವೈದ್ಯನ ಅಜ್ಞಾನದಿಂದ ಹುಟ್ಟುತ್ತದೆಯೆಂಬುದು. ಇದು ನಿಂದೆಯ ಮಾತಲ್ಲ. ಎರಡು ಚಿಕಿತ್ಸೆಗಳಲ್ಲಿ ಯಾವುದು ಮೇಲೆಂದು ವೈದ್ಯನಿಗೆ ನಿಶ್ಚಯವಾಗಿ ತಿಳಿದಿದ್ದರೆ ಕೀಳಾದುದನ್ನು ಯಾರಿಗೂ ಕೊಡುವುದು ಅಧರ್ಮವಾಗುತ್ತದೆ. ಪ್ರಯೋಗಕ್ಕೆ ಎಡೆಯೇ ಇರುವುದಿಲ್ಲ. ತಿಳಿಯದು ಎಂದು ಪ್ರಾಮಾಣಿಕವಾಗಿ ಒಪ್ಪಿಕೊಂಡಾಗಲೇ ಪರೀಕ್ಷೆಗೆ ಅಧಿಕಾರ ಬರುತ್ತದೆ. ಹೊಸ ಔಷಧವನ್ನು ಮೊದಲು ಪ್ರಾಣಿಗಳಲ್ಲಿ, ಬಳಿಕ ಕೆಲವೇ ಜನರಲ್ಲಿ ಅಪಾಯವಿದೆಯೇ ಎಂದು ನೋಡುತ್ತಾರೆ. ಆಮೇಲೆ ಸ್ವಲ್ಪ ಮಂದಿ ರೋಗಿಗಳಲ್ಲಿ, ಕೊನೆಗೆ ನೂರಾರು ಸಾವಿರಾರು ಜನರಲ್ಲಿ ಪರೀಕ್ಷಿಸುತ್ತಾರೆ. ದೊಡ್ಡ ಪ್ರಯೋಗಗಳಲ್ಲಿ ಜನರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದು ಗುಂಪಿಗೆ ಹೊಸ ಔಷಧವನ್ನೂ, ಇನ್ನೊಂದಕ್ಕೆ ಹಳೆಯದನ್ನೋ, ಕೆಲವೊಮ್ಮೆ ಔಷಧಾಂಶವಿಲ್ಲದ, ನೋಟಕ್ಕೆ ಮಾತ್ರ ಹಾಗೆಯೇ ಇರುವ ಗುಳಿಗೆಯನ್ನೋ ಕೊಡುತ್ತಾರೆ. ಯಾರಿಗೆ ಯಾವುದು ಬಂದಿತೆಂಬುದು ಅನೇಕ ಸಂದರ್ಭಗಳಲ್ಲಿ ರೋಗಿಗೂ ತಿಳಿಯದು, ವೈದ್ಯನಿಗೂ ತಿಳಿಯದು. ವೈದ್ಯನ ಆಸೆಯೂ ರೋಗಿಯ ನಂಬಿಕೆಯೂ ಫಲವನ್ನು ಬಣ್ಣಗೆಡಿಸಬಾರದೆಂದೇ ಈ ಕಟ್ಟುಪಾಡು.

ಇಲ್ಲಿಯೇ ಒಂದು ಭ್ರಾಂತಿ ಅಡಗಿದೆ. ವೈದ್ಯರು ತನ್ನ ಕಾಯಿಲೆಗೆ ತಕ್ಕುದನ್ನೇ ಆರಿಸಿ ಕೊಟ್ಟಿದ್ದಾರೆಂದು ರೋಗಿ ನಂಬಿರುತ್ತಾನೆ, ಆರಿಸಿದುದು ಚೀಟಿ. ಚಿಕಿತ್ಸೆಯ ಗುರಿ ಎದುರಿಗೆ ಕುಳಿತ ಈ ರೋಗಿ. ಪ್ರಯೋಗದ ಗುರಿ ಮುಂದೆ ಬರಲಿರುವ, ಹೆಸರರಿಯದ ರೋಗಿಗಳು. ಈ ಭೇದವನ್ನು ಅರಿತು ಒಪ್ಪಿದವನು ದಾನಿ. ಅರಿಯದೆ ಒಪ್ಪಿದವನಿಂದ ಕೊಡುವಿಕೆ ನಡೆಯಲೇ ಇಲ್ಲ. ಅವನಿಂದ ತೆಗೆದುಕೊಂಡದ್ದು ಮಾತ್ರ ನಡೆಯಿತು.

ಕೊಟ್ಟುದರ ಹಿರಿಮೆಯನ್ನು ಕಾಣಬೇಕಾದರೆ ಬೆಳಗಾವಿಯ ಕಡೆಗೆ ನೋಡಬೇಕು. ಏಳು ಮಂದಿ ಉಪಾಧ್ಯಾಯರು 1916ರಲ್ಲಿ ಕಟ್ಟಿದ ಕರ್ನಾಟಕ ಲಿಂಗಾಯತ ವಿದ್ಯಾವರ್ಧಕ ಸಂಸ್ಥೆಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನವರು ಅಮೆರಿಕದ ವಿದ್ವಾಂಸರೊಡನೆ ಕೂಡಿ 2002ರಿಂದ 2005ರವರೆಗೆ ಆ ಜಿಲ್ಲೆಯ ಹಳ್ಳಿಗಳಲ್ಲಿ ಒಂದು ಪ್ರಯೋಗ ನಡೆಸಿದರು. ಹೆರಿಗೆಯ ಬಳಿಕ ರಕ್ತಸ್ರಾವ ನಿಲ್ಲದೆ ತಾಯಂದಿರು ಸಾಯುವುದನ್ನು ತಪ್ಪಿಸಲು ಮಿಸೊಪ್ರೊಸ್ಟಾಲ್ ಎಂಬ ಗುಳಿಗೆ ನೆರವಾದೀತೆ ಎಂಬುದೇ ಪ್ರಶ್ನೆ. ಇದಕ್ಕೆಂದು ಆಗಲೇ ಇದ್ದ ಚುಚ್ಚುಮದ್ದನ್ನು ತಂಪಿನಲ್ಲಿ ಕಾಯ್ದಿಡಬೇಕು, ನುರಿತ ಕೈಯೇ ಹಾಕಬೇಕು. ಆ ಹಳ್ಳಿಮನೆಗಳಿಗೆ ಅದು ತಲುಪುತ್ತಿರಲಿಲ್ಲ. ಸೇರಿದ 1620 ತಾಯಂದಿರಲ್ಲಿ 812 ಮಂದಿಗೆ ನಿಜವಾದ ಗುಳಿಗೆ, 808 ಮಂದಿಗೆ ಔಷಧಾಂಶವಿಲ್ಲದ ಗುಳಿಗೆ ದೊರೆಯಿತು. 2006ರಲ್ಲಿ ಫಲಿತಾಂಶ ಪ್ರಕಟವಾಯಿತು. ಔಷಧವಿಲ್ಲದ ಗುಂಪಿನಲ್ಲಿ ನೂರಕ್ಕೆ 12 ಮಂದಿಗೆ ಅತಿಯಾದ ಸ್ರಾವವಾಗಿದ್ದರೆ, ಔಷಧ ಪಡೆದವರಲ್ಲಿ ಅದು 6.4ಕ್ಕೆ ಇಳಿದಿತ್ತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಈ ಉದ್ದೇಶಕ್ಕಾಗಿ ಆ ಗುಳಿಗೆಯನ್ನು ತನ್ನ ಅತ್ಯಾವಶ್ಯಕ ಔಷಧಗಳ ಪಟ್ಟಿಗೆ ಸೇರಿಸಿತು.

ಆ 808 ತಾಯಂದಿರಿಗೆ ಅನ್ಯಾಯವಾಗಲಿಲ್ಲವೆ ಎಂದು ಕೇಳಬಹುದು. ಪ್ರಶ್ನೆ ಸಾಧುವಾದುದೇ. ಆ ಮನೆಗಳಲ್ಲಿ ಅಂದು ಸಿಗುತ್ತಿದ್ದ ಔಷಧವನ್ನು ಕಸಿದುಕೊಂಡಿರಲಿಲ್ಲ, ಹೊಸದು ನಿಜವಾಗಿ ಉಪಕಾರಿಯೇ ಎಂಬುದು ಅಲ್ಲಿ ಸಿದ್ಧವಾಗಿರಲಿಲ್ಲ ಎಂಬುದು ಒಂದು ಸಮಾಧಾನ. ಆದರೂ ಎಲ್ಲಿಯೋ ಇರುವ ತಾಯಂದಿರ ಪ್ರಾಣ ಇಂದು ಉಳಿಯುವುದರಲ್ಲಿ, ತಮಗೆ ಔಷಧವೇ ಬಾರದಿದ್ದ ಈ ತಾಯಂದಿರ ಪಾಲು ಔಷಧ ಪಡೆದವರ ಪಾಲಿನಷ್ಟೇ ದೊಡ್ಡದು. ಅವರಿಲ್ಲದೆ ಹೋಲಿಕೆಯಿಲ್ಲ, ಹೋಲಿಕೆಯಿಲ್ಲದೆ ನಿಜವಿಲ್ಲ. ಲೋಕವು ಅವರಿಗೆ ಋಣಿ.

ಇದಕ್ಕೆ ವಿಪರೀತವಾದುದೂ ಚರಿತ್ರೆಯಲ್ಲಿದೆ. ಅಮೆರಿಕದ ಟಸ್ಕೀಗಿಯಲ್ಲಿ 1932ರಿಂದ 1972ರವರೆಗೆ, ಉಪದಂಶರೋಗವಿದ್ದ ಸುಮಾರು 400 ಮಂದಿ ಕರಿಯ ಜನರಿಗೆ ರೋಗದ ನಿಜವನ್ನು ಹೇಳದೆ, ಪೆನಿಸಿಲಿನ್ ಬಂದ ಮೇಲೂ ಅದನ್ನು ಕೊಡದೆ, ರೋಗವು ಹೇಗೆ ಬೆಳೆಯುವುದೆಂದು ನೋಡುತ್ತಾ ಕುಳಿತರು. ಚಿಕಿತ್ಸೆ ದೊರೆಯುತ್ತಿದೆಯೆಂದೇ ಆ ಬಡವರು ನಂಬಿದ್ದರು. ಮನುಷ್ಯನ ಸ್ವಸಮ್ಮತಿಯಿಲ್ಲದೆ ಪ್ರಯೋಗ ಕೂಡದೆಂದು 1947ರಲ್ಲಿಯೇ ನ್ಯೂರೆಂಬರ್ಗಿನ ನ್ಯಾಯಪೀಠವು ಸಾರಿದ್ದಿತು. ಆ ಮಾತು ಈ ಬಡವರ ಮನೆಬಾಗಿಲಿಗೆ ಬರಲಿಲ್ಲ. ಬೆಳಗಾವಿಯಲ್ಲಿಯೂ ಟಸ್ಕೀಗಿಯಲ್ಲಿಯೂ ಔಷಧವಿಲ್ಲದ ಗುಂಪು ಇದ್ದಿತು. ಒಂದೆಡೆ ಯಾರಿಗೂ ತಿಳಿಯದುದನ್ನು ತಿಳಿಯಲು ಹೊರಟಿದ್ದರು, ಒಪ್ಪಿಗೆ ಪಡೆದಿದ್ದರು; ಇನ್ನೊಂದೆಡೆ ತಿಳಿದುದನ್ನು ಮುಚ್ಚಿಟ್ಟಿದ್ದರು. ಧರ್ಮಾಧರ್ಮಗಳ ಗೆರೆ ಇರುವುದು ಇಲ್ಲಿ.

ಷಟ್‌ಸ್ಥಲದ ಕ್ರಮವನ್ನು ಬಲ್ಲ ಭಕ್ತರಿಗೆ ಈ ಗೆರೆ ಹೊಸದಾಗಿ ತೋರಲಾರದು. ಭಕ್ತಸ್ಥಲಕ್ಕೆ ಶ್ರದ್ಧೆ, ಮಾಹೇಶ್ವರಸ್ಥಲಕ್ಕೆ ನಿಷ್ಠೆ, ಪ್ರಸಾದಿಸ್ಥಲಕ್ಕೆ ಅವಧಾನ ಲಕ್ಷಣವೆಂದು ಹೇಳಿದೆ. ಶ್ರದ್ಧೆಯು ಮೊದಲ ಮೆಟ್ಟಲು, ಕೊನೆಯದಲ್ಲ. ಪ್ರಸಾದಿಯು ತನ್ನ ಅಂಗವನ್ನು ಸೇರುವ ಪ್ರತಿಯೊಂದು ಪದಾರ್ಥವನ್ನೂ ಎಚ್ಚರದಿಂದ ಅರಿತು, ಲಿಂಗಕ್ಕೆ ಅರ್ಪಿಸಿ, ಬಳಿಕ ಸ್ವೀಕರಿಸುತ್ತಾನೆ. ಒಂದು ತುತ್ತಿಗೇ ಇಷ್ಟು ಎಚ್ಚರವನ್ನು ವಿಧಿಸಿದ ಧರ್ಮವು, ರಕ್ತದೊಳಗೆ ಸೇರುವ ಅಪರಿಚಿತ ಔಷಧದ ವಿಷಯದಲ್ಲಿ ಕಣ್ಣುಮುಚ್ಚಿಕೊಳ್ಳೆಂದು ಹೇಳೀತೆ? ಅವಧಾನವಿಲ್ಲದ ಅರ್ಪಣೆ ಅರ್ಪಣೆಯೇ ಅಲ್ಲ.

ವೈದ್ಯನು ಪೂಜ್ಯನು, ಅವನನ್ನು ಪ್ರಶ್ನಿಸುವುದು ಅವಿನಯವಲ್ಲವೆ ಎಂಬ ಆಕ್ಷೇಪ ಬರಬಹುದು. ಹಳ್ಳಿಯ ಸಜ್ಜನರು, ತಾವು ಹೇಳಿದಂತೆ ಆಗಲಿ ಎಂದು ಕೈಮುಗಿದು ಹೆಬ್ಬೆಟ್ಟು ಒತ್ತುವುದು ಈ ವಿನಯದಿಂದಲೇ. ಆದರೆ ಚರಕಸಂಹಿತೆಯು ರೋಗಿಯ ಗುಣಗಳಲ್ಲಿ ವೈದ್ಯನ ಮಾತಿನಂತೆ ನಡೆಯುವುದನ್ನು ಹೇಳುವಲ್ಲಿಯೇ ನಿರ್ಭಯತೆಯನ್ನೂ, ತನ್ನ ವ್ಯಾಧಿಯನ್ನು ತಿಳಿಸಬಲ್ಲ ಶಕ್ತಿಯನ್ನೂ ಎಣಿಸಿದೆ. ಅಂಜಿಕೆಯ ಒಪ್ಪಿಗೆ ಒಪ್ಪಿಗೆಯಲ್ಲ. ಸಂಪೂರ್ಣ ಶರಣಾಗತಿ ಸಲ್ಲುವುದು ಲಿಂಗಕ್ಕೆ. ತನಗಿನ್ನೂ ತಿಳಿಯದೆಂದು ತಾನೇ ಒಪ್ಪಿಕೊಂಡು ಬಂದ ವೈದ್ಯನಿಗೆ ಸಲ್ಲಬೇಕಾದುದು ಗೌರವ, ಅದರೊಡನೆ ಪ್ರಶ್ನೆ.

ದೇಶದ ಶಾಸನವೂ ಇದನ್ನೇ ಬಯಸುತ್ತದೆ. 2019ರ ಹೊಸ ಔಷಧಗಳ ಹಾಗೂ ಚಿಕಿತ್ಸಾಪ್ರಯೋಗಗಳ ನಿಯಮಗಳಂತೆ, ಪ್ರಯೋಗಕ್ಕೆ ಮುಂಚೆ ನೀತಿಸಮಿತಿಯೊಂದು ಅದನ್ನು ಪರಿಶೀಲಿಸಿ ಒಪ್ಪಬೇಕು. ಅದರಲ್ಲಿ ಕನಿಷ್ಠ 7 ಸದಸ್ಯರು. ಅರ್ಧದಷ್ಟು ಮಂದಿ ಆ ಸಂಸ್ಥೆಗೆ ಸೇರದವರು. ಒಬ್ಬ ಸಾಮಾನ್ಯ ನಾಗರಿಕ, ಒಬ್ಬ ಮಹಿಳೆ, ಒಬ್ಬ ಕಾನೂನು ಬಲ್ಲವರು ಅದರಲ್ಲಿ ಇರಲೇಬೇಕು. ಸಮಾಜಶಾಸ್ತ್ರಜ್ಞ, ತತ್ತ್ವಜ್ಞ ಅಥವಾ ಧರ್ಮಶಾಸ್ತ್ರ ಬಲ್ಲವರಂಥವರೊಬ್ಬರಿಗೂ ಸ್ಥಾನವಿದೆ. ರೋಗಿಗೆ ತಿಳಿಯುವ ಭಾಷೆಯಲ್ಲಿಯೇ ವಿವರಿಸಬೇಕು. ಓದಲಾರದವನಿಗೆ ನಿಷ್ಪಕ್ಷಪಾತಿಯಾದ ಸಾಕ್ಷಿಯಿರಬೇಕು. ಪ್ರಯೋಗದಿಂದ ಹಾನಿಯಾದರೆ ಉಚಿತ ಚಿಕಿತ್ಸೆಯೂ ಪರಿಹಾರವೂ ದೊರೆಯಬೇಕು. 2009ರಿಂದ ಇಂಥ ಪ್ರಯೋಗಗಳನ್ನು ಸಾರ್ವಜನಿಕ ದಾಖಲೆಯಲ್ಲಿ ನೋಂದಾಯಿಸುವುದೂ ಕಡ್ಡಾಯವಾಗಿದೆ. ಆದರೆ ಮನೆಯಲ್ಲಿ ತುಳುವನ್ನೋ ಕೊಂಕಣಿಯನ್ನೋ ಆಡುವ ಕಾಪುವಿನ ತಾಯಿಗೆ, ಗ್ರಾಂಥಿಕ ಕನ್ನಡದ ಹಲವು ಪುಟಗಳನ್ನು ಓದಿ ಹೇಳಿದ ಮಾತ್ರಕ್ಕೆ ತಿಳಿವಳಿಕೆ ಬಂದಿತೆನ್ನಲಾದೀತೆ? ಶಾಸನವು ಕಾಗದವನ್ನು ಕೊಡಬಲ್ಲುದು. ಅರಿವನ್ನು ಮನುಷ್ಯನೇ ಮನುಷ್ಯನಿಗೆ ಕೊಡಬೇಕು.

ಆದುದರಿಂದ ಸದ್ಗೃಹಸ್ಥರು ಇಂಥ ಸಂದರ್ಭದಲ್ಲಿ ಕೇಳಬೇಕಾದುವು ಕೆಲವೇ ಮಾತುಗಳು. ಇದು ಚಿಕಿತ್ಸೆಯೋ ಪ್ರಯೋಗವೋ? ವೈದ್ಯರಿಗೆ ಇನ್ನೂ ತಿಳಿಯದಿರುವುದು ಯಾವುದು? ಸೇರದಿದ್ದರೆ ದೊರೆಯುವ ಚಿಕಿತ್ಸೆ ಯಾವುದು? ಅಪಾಯವೊದಗಿದರೆ ಹೊಣೆ ಯಾರದು? ನಡುವೆ ಬಿಟ್ಟುಬರಬಹುದೆ? ಕೊನೆಯ ಪ್ರಶ್ನೆಗೆ ಶಾಸನದ ಉತ್ತರ ಸ್ಪಷ್ಟವಾಗಿದೆ: ಯಾವಾಗ ಬೇಕಾದರೂ ಬಿಡಬಹುದು, ಬಿಟ್ಟುದಕ್ಕಾಗಿ ಚಿಕಿತ್ಸೆಗೆ ಕುಂದು ಬರಬಾರದು. ಉತ್ತರಗಳನ್ನು ತಿಳಿದು ಒಲ್ಲೆನೆಂದವನು ಸ್ವಾರ್ಥಿಯಲ್ಲ. ಒಲ್ಲೆನೆನ್ನುವ ಸ್ವಾತಂತ್ರ್ಯವಿದ್ದಲ್ಲಿ ಮಾತ್ರ ಒಪ್ಪಿಗೆಗೆ ಬೆಲೆ. ತಿಳಿದು, ತನಗೆ ಫಲ ಬಂದೀತೆಂಬ ಭರವಸೆಯಿಲ್ಲದೆ, ಕಾಣದ ರೋಗಿಯೊಬ್ಬನ ಹಿತಕ್ಕಾಗಿ ಒಪ್ಪಿದವನಾದರೋ ದಾಸೋಹಿಯೇ ಸರಿ. ಅವನ ತನು ಕೊಟ್ಟುದನ್ನು ಅವನ ಮನ ಬಲ್ಲುದು.