ಮರೆವಿನ ಮುಂದೆ ಸತ್ಯ

ಸತ್ಯವನ್ನು ಕುರಿತು ನಮ್ಮ ನಾಡಿನವರಿಗೆ ಇರುವ ಅಭಿಮಾನ ಸಾಮಾನ್ಯವಾದುದಲ್ಲ. ಆಡಿದ ಮಾತಿಗಾಗಿ ರಾಜ್ಯವನ್ನೂ ಹೆಂಡತಿ ಮಗನನ್ನೂ ಕಳೆದುಕೊಂಡ ಹರಿಶ್ಚಂದ್ರನನ್ನು ರಾಘವಾಂಕ ಕಾವ್ಯನಾಯಕನನ್ನಾಗಿ ಮಾಡಿದ. ಹುಲಿಗೆ ಕೊಟ್ಟ ಮಾತನ್ನು ಉಳಿಸಿಕೊಂಡ ಹಸುವಿನ ಕಥೆಯನ್ನು ನಮ್ಮ ತಾಯಂದಿರು ಹಸುಗೂಸುಗಳಿಗೂ ಹಾಡಿ ಹೇಳಿದರು. ಈ ಕಥೆಗಳಲ್ಲಿ ಒಂದು ಸಂಗತಿಯನ್ನು ನಾವು ಸಾಮಾನ್ಯವಾಗಿ ಗಮನಿಸುವುದಿಲ್ಲ. ಸತ್ಯವನ್ನು ಕೇಳಿದವರು ಅದನ್ನು ನೆನಪಿನಲ್ಲಿ ಇಟ್ಟುಕೊಳ್ಳಬಲ್ಲವರಾಗಿದ್ದರು. ವಿಶ್ವಾಮಿತ್ರನಿಗೂ ಹುಲಿಗೂ ನೆನಪು ಚೆನ್ನಾಗಿತ್ತು. ಕೇಳಿದವರು ಹತ್ತು ನಿಮಿಷದಲ್ಲಿ ಮರೆತು ಮತ್ತೆ ಕೇಳುವುದಾದರೆ, ಪ್ರತಿ ಸಲವೂ ಆ ಸತ್ಯ ಅವರಿಗೆ ಹೊಸ ಪೆಟ್ಟಾಗುವುದಾದರೆ, ಆಗ ನಾವು ಏನು ಮಾಡಬೇಕು?

ಇದು ತರ್ಕಶಾಸ್ತ್ರದವರು ಕಟ್ಟಿದ ಒಗಟಲ್ಲ. ಮುದುಕರ ಮರೆವನ್ನು ನಾವು ‘ಅರಳು ಮರಳು’ ಎಂದು ಕರೆದು ನಕ್ಕು ಸುಮ್ಮನಾಗುತ್ತಿದ್ದೆವು. ಅದು ಬರಿಯ ಮುಪ್ಪಲ್ಲ, ಮಿದುಳಿನ ರೋಗವಾಗಿರಬಹುದು; ಅಂಥದೊಂದು ರೋಗವನ್ನು ಆಲ್ಝೈಮರ್ ಎಂಬ ಜರ್ಮನ್ ವೈದ್ಯ ೧೯೦೬ರಲ್ಲಿ ಮೊದಲು ವಿವರಿಸಿದ. ನಮ್ಮ ದೇಶದಲ್ಲಿ ಅರುವತ್ತು ದಾಟಿದವರ ಪೈಕಿ ನೂರಕ್ಕೆ ಏಳಕ್ಕಿಂತ ಹೆಚ್ಚು ಮಂದಿ, ಎಂದರೆ ಸುಮಾರು ೮೮ ಲಕ್ಷ ಜನ, ಇಂಥ ಮರೆವಿನ ರೋಗದಿಂದ ನರಳುತ್ತಿದ್ದಾರೆಂದು ೨೦೨೩ರಲ್ಲಿ ಪ್ರಕಟವಾದ ಅಂದಾಜು ಹೇಳುತ್ತದೆ. ಇವರಲ್ಲಿ ಬಹುಮಂದಿ ಇರುವುದು ಮನೆಗಳಲ್ಲಿಯೇ; ನೋಡಿಕೊಳ್ಳುವುದು ಸಾಮಾನ್ಯವಾಗಿ ಒಬ್ಬ ಮಗಳು, ಇಲ್ಲವೆ ಒಬ್ಬ ಸೊಸೆ.

ನನ್ನ ತಾಯಿಗೆ ಈಗ ೮೨ ವರ್ಷ. ಅವರನ್ನು ನೋಡಿಕೊಳ್ಳುವವಳು ನನ್ನ ಅಕ್ಕ. ಕಳೆದ ವರ್ಷ ಒಂದು ಸಂಜೆ ಅಮ್ಮ ಇದ್ದಕ್ಕಿದ್ದಂತೆ ಮನೆಯವರನ್ನೇ ಅನ್ಯರೆಂದು ಹೆದರತೊಡಗಿದರು. ಗಾಳಿಯಲ್ಲಿ ಏನನ್ನೋ ಹಿಡಿಯುವವರಂತೆ ಕೈಯಾಡಿಸಿದರು. ರಾತ್ರಿಯೆಲ್ಲ ಕಣ್ಣು ಮುಚ್ಚಲಿಲ್ಲ. ಆಸ್ಪತ್ರೆಗೆ ಒಯ್ದಾಗ ಮೂತ್ರನಾಳದ ಸೋಂಕು ಎಂದು ಗೊತ್ತಾಯಿತು. ಮರೆವು ಬೆಳೆಯುವುದು ತಿಂಗಳು ವರ್ಷಗಳ ಲೆಕ್ಕದಲ್ಲಿ. ಒಂದೆರಡು ದಿನದಲ್ಲಿ ಆಳು ಬದಲಾದರೆ ಸೋಂಕೋ, ನೀರು ಸಾಲದಿರುವುದೋ, ಹೊಸ ಮಾತ್ರೆಯೋ ಕಾರಣವಿರಬಹುದು, ‘ವಯಸ್ಸಾಯಿತು’ ಎಂದು ಸುಮ್ಮನಿರಬಾರದು ಎಂದು ವೈದ್ಯರು ತಿಳಿಯಹೇಳಿದರು.

ಗುರುತಿಲ್ಲದ ಮಂಚ, ರಾತ್ರಿಯಿಡೀ ಉರಿಯುವ ದೀಪ, ಕೈಗೆ ಚುಚ್ಚಿದ ನಳಿಕೆ. ಅಮ್ಮ ಅದನ್ನು ಕಿತ್ತುಹಾಕಲು ನೋಡಿದರು. “ನಿಮ್ಮಪ್ಪ ಎಲ್ಲೇ? ಊಟಕ್ಕೆ ಕಾದಿರ್ತಾರೆ, ನಡಿ ಮನೆಗೆ ಹೋಗೋಣ” ಎಂದರು. ನಮ್ಮ ತಂದೆ ತೀರಿಹೋಗಿ ಹತ್ತೊಂಬತ್ತು ವರ್ಷವಾಗಿತ್ತು. ನೋಡಲು ಬಂದಿದ್ದ ನೆಂಟರೊಬ್ಬರು ಒಳ್ಳೆಯ ಮನಸ್ಸಿನಿಂದಲೇ ಆ ಮಾತನ್ನು ಹೇಳಿಬಿಟ್ಟರು. ಅಮ್ಮ ಅದೇ ಗಳಿಗೆಯಲ್ಲಿ ವಿಧವೆಯಾದವರಂತೆ ಅತ್ತರು. ಸ್ವಲ್ಪ ಹೊತ್ತಿಗೆ ಮಾತು ಮರೆತಿತ್ತು. ಅಳು ಮಾತ್ರ ನಿಂತಿರಲಿಲ್ಲ. ಏಕೆ ಅಳುತ್ತಿದ್ದೇನೆಂಬುದು ಅವರಿಗೇ ತಿಳಿಯದು. ಮತ್ತೆ “ನಿಮ್ಮಪ್ಪ ಎಲ್ಲೇ?” ಎಂದರು. ಅಕ್ಕ, “ಊಟ ಆಯಿತಂತಮ್ಮ ಅವರದು. ನೀನು ಎರಡು ತುತ್ತು ತಿನ್ನು” ಎಂದಳು. ಅಮ್ಮ ತಿಂದರು. ಆಮೇಲೆ ಹೊರಗಿನ ಬೆಂಚಿನ ಮೇಲೆ ಕುಳಿತು ಅಕ್ಕ ನನಗೆ ಹೇಳಿದಳು: “ಹುಟ್ಟಿದಾಗಿನಿಂದ ಅಮ್ಮನ ಹತ್ತಿರ ಒಂದು ಸುಳ್ಳು ಹೇಳಿದವಳಲ್ಲ ಕಣೋ. ಈಗ ದಿನಕ್ಕೆ ಹತ್ತು ಹೇಳ್ತೀನಿ.”

ಅವಳು ಸಮಾಧಾನದ ಮಾತನ್ನು ಬಯಸಿ ಹೀಗೆಂದಳೆಂದು ನನಗೆ ತೋರಲಿಲ್ಲ. ಅದು ಉತ್ತರ ಬೇಡುವ ಪ್ರಶ್ನೆ.

ಜರ್ಮನಿಯ ತತ್ತ್ವಜ್ಞಾನಿ ಕಾಂಟನನ್ನು ಕೇಳಿದ್ದರೆ ಅವನು ಅಕ್ಕನ ಪರವಾಗಿ ನಿಲ್ಲುತ್ತಿರಲಿಲ್ಲ. ಕೊಲೆಗಾರ ಬಾಗಿಲಿಗೆ ಬಂದು ನಿನ್ನ ಸ್ನೇಹಿತ ಒಳಗಿರುವನೇ ಎಂದು ಕೇಳಿದರೂ ಸುಳ್ಳು ಹೇಳಕೂಡದೆಂದು ೧೭೯೭ರಲ್ಲಿ ಅವನು ವಾದಿಸಿದ. ನಮ್ಮ ಮಹಾಭಾರತದ ತೀರ್ಪು ಬೇರೆ. ಕರ್ಣಪರ್ವದಲ್ಲಿ ಕೃಷ್ಣ ಅರ್ಜುನನಿಗೆ ಕೌಶಿಕನ ಕಥೆಯನ್ನು ಹೇಳುತ್ತಾನೆ: ಸತ್ಯವ್ರತನಾದ ಆ ಬ್ರಾಹ್ಮಣ, ಅಡಗಿದ್ದವರ ದಾರಿಯನ್ನು ಕಳ್ಳರಿಗೆ ತೋರಿಸಿದ; ಕಳ್ಳರು ಅವರನ್ನು ಕೊಂದರು; ಕೌಶಿಕ ನರಕಕ್ಕೆ ಹೋದ. ಆದರೆ ಈ ಕಥೆಯೂ ನಮ್ಮನ್ನು ದಡ ಸೇರಿಸುವುದಿಲ್ಲ. ಅಲ್ಲಿ ಕೇಳಿದವನು ಕಳ್ಳ. ಇಲ್ಲಿ ಕೇಳುವವಳು ತಾಯಿ. ಕಳ್ಳನಿಗೆ ಸತ್ಯದ ಸಾಲವನ್ನು ತೀರಿಸಬೇಕಾಗಿಲ್ಲ. ತಾಯಿಗೆ?

ಸುಳ್ಳು ಏಕೆ ಕೆಟ್ಟದ್ದು ಎಂದು ಕೇಳಿಕೊಂಡರೆ ದಾರಿ ಸ್ವಲ್ಪ ಕಾಣುತ್ತದೆ. ಸುಳ್ಳು ಕೇಳುವವನ ಕೈಯಿಂದ ತೀರ್ಮಾನಿಸುವ ಶಕ್ತಿಯನ್ನು ಕಸಿದುಕೊಳ್ಳುತ್ತದೆ. ಹೇಳುವವನ ಅನುಕೂಲಕ್ಕೆ ಅವನನ್ನು ಉಪಕರಣವನ್ನಾಗಿ ಮಾಡುತ್ತದೆ. ಪತಿಯ ಸಾವನ್ನು ಮತ್ತೊಮ್ಮೆ ಕೇಳಿ ನಮ್ಮ ತಾಯಿ ತೀರ್ಮಾನಿಸಬೇಕಾದದ್ದು ಏನೂ ಇರಲಿಲ್ಲ. ಅಮೆರಿಕದ ಅಯೋವಾ ವಿಶ್ವವಿದ್ಯಾನಿಲಯದವರು ೨೦೧೪ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ಇಲ್ಲಿ ನೆನೆಯತಕ್ಕದ್ದು. ಆಲ್ಝೈಮರ್ ರೋಗಿಗಳಿಗೆ ದುಃಖದ ಚಿತ್ರಗಳನ್ನು ತೋರಿಸಿದರು. ಚಿತ್ರ ಮರೆತುಹೋದ ಮೇಲೂ ದುಃಖ ಉಳಿದಿತ್ತು. ತಿಳಿವಾಗಿ ನಿಲ್ಲದೆ ನೋವಾಗಿ ಮಾತ್ರ ನಿಲ್ಲುವ ಸತ್ಯವನ್ನು ಪದೇ ಪದೇ ಹೇಳುವುದರಿಂದ ಸತ್ಯಕ್ಕೆ ಯಾವ ಗೌರವವೂ ಸಲ್ಲುವುದಿಲ್ಲ.

ಹಾಗೆಂದು ಬಾಗಿಲನ್ನು ಪೂರ್ತಿ ತೆರೆದುಬಿಡುವುದೂ ಅಪಾಯ. ಕರುಣೆಗಾಗಿ ಆಡಿದ ಸುಳ್ಳು ಬಹು ಬೇಗ ಅನುಕೂಲದ ಸುಳ್ಳಾಗುತ್ತದೆ. ದೇವಸ್ಥಾನಕ್ಕೆ ಎಂದು ಆಸ್ಪತ್ರೆಗೆ ಕರೆದೊಯ್ಯುತ್ತೇವೆ. ಪಕ್ಕದಲ್ಲೇ ಕುಳಿತಿರುವವರನ್ನು ಇಲ್ಲದವರಂತೆ ಮಾಡಿ ವೈದ್ಯರೊಡನೆ ಮಾತಾಡುತ್ತೇವೆ. ಕೆಲವು ಮನೆಗಳಲ್ಲಿ ಕಾಗದಕ್ಕೆ ಹೆಬ್ಬೆಟ್ಟನ್ನೂ ಹಾಗೆಯೇ ಒತ್ತಿಸಿಕೊಳ್ಳುತ್ತಾರೆ. ಇವುಗಳಲ್ಲಿ ರೋಗಿಗೆ ಇನ್ನೂ ಉಳಿದಿರುವ ಅಷ್ಟಿಷ್ಟು ಸ್ವಾತಂತ್ರ್ಯವೂ ಹೋಗುತ್ತದೆ. ಸೂಜಿ ಚುಚ್ಚುವಾಗ, “ನೋಯುತ್ತದೆ ಅಮ್ಮ, ನಾನು ಕೈ ಹಿಡಿದಿರುತ್ತೇನೆ” ಎಂದು ಹೇಳಲೇಬೇಕು. ಮುಂದಿನ ಗಳಿಗೆಗೆ ಅವರು ಮರೆತರೂ, ಆ ಗಳಿಗೆ ಅವರದೇ.

ಇವೆರಡರ ನಡುವೆ ಮತ್ತೊಂದು ದಾರಿಯಿದೆ. ಮರುದಿನ ಅಮ್ಮ ಅದೇ ಪ್ರಶ್ನೆ ಕೇಳಿದಾಗ ಅಕ್ಕ, “ಅಪ್ಪನಿಗೆ ಯಾವ ಸಾರು ಇಷ್ಟ ಅಮ್ಮ?” ಎಂದಳು. ಅಮ್ಮ ಹುರುಳಿಕಾಳಿನ ಬಸ್ಸಾರನ್ನು ಮಾಡುವ ಬಗೆಯನ್ನು ಅರ್ಧ ಗಂಟೆ ಹೇಳಿದರು. ಅದರಲ್ಲಿ ಒಂದು ಸುಳ್ಳೂ ಇರಲಿಲ್ಲ. ‘ಅವರೆಲ್ಲಿ’ ಎಂಬ ಮಾತಿನ ಹಿಂದೆ ‘ನಾನು ಒಬ್ಬಳೇ ಇದ್ದೇನೆಯೆ’ ಎಂಬ ಭಯವಿರುತ್ತದೆ. ಆ ಭಯಕ್ಕೆ ನಿಜವಾದ ಉತ್ತರ ಕೊಡಬಹುದು. ಆದರೆ ಈ ಜಾಣ್ಮೆಗೆ ಬಿಡುವು ಬೇಕು, ನಿದ್ದೆ ಬೇಕು. ಎರಡು ರಾತ್ರಿ ಕಣ್ಣು ಮುಚ್ಚದೆ ಒಬ್ಬಳೇ ಕುಳಿತವಳಿಗೆ ಅದು ಪ್ರತಿ ಸಲವೂ ಹೊಳೆಯದು. ಆದ್ದರಿಂದ ಅವಳ ಸತ್ಯ ಅವಳೊಬ್ಬಳ ಹೊಣೆಯಲ್ಲ. ಮೂರನೆಯ ರಾತ್ರಿ ಬಂದು ಕುಳಿತುಕೊಳ್ಳಬೇಕಾದವರ ಹೊಣೆಯೂ ಹೌದು. ವಾರಕ್ಕೊಮ್ಮೆ ಹಣ್ಣಿನ ಪೊಟ್ಟಣ ಹಿಡಿದು ಬರುವವರಿಗೆ ಸತ್ಯವಂತರಾಗಿರುವುದು ಕಷ್ಟವಲ್ಲ.

ಇನ್ನೊಂದು ಮಾತು ನಮ್ಮೆಲ್ಲರಿಗೂ ಸಂಬಂಧಿಸಿದ್ದು. ಅನುಮತಿ ಕೊಟ್ಟವನಿಗೆ ಆಡಿದ ಸುಳ್ಳಿನಲ್ಲಿ ವಂಚನೆಯ ವಿಷ ಬಹುಪಾಲು ಇಳಿದುಹೋಗುತ್ತದೆ. ಬುದ್ಧಿ ನೆಟ್ಟಗಿರುವಾಗಲೇ ನಾವು ನಮ್ಮ ಮಕ್ಕಳನ್ನು ಕೂರಿಸಿಕೊಂಡು, ನಾಳೆ ನನಗೆ ಮರೆವು ಬಂದರೆ ಯಾವುದನ್ನು ಹೇಳಿ, ಯಾವುದನ್ನು ಹೇಳಬೇಡಿ, ನನ್ನ ಪರವಾಗಿ ಯಾರು ತೀರ್ಮಾನಿಸಲಿ ಎಂಬುದನ್ನು ತಿಳಿಸಿಡಬಹುದು. ಉಯಿಲು ಬರೆಯುವವರು ಮನೆ ಜಮೀನಿನ ಮಾತನ್ನು ಬರೆಯುತ್ತಾರೆ. ಇದನ್ನು ಬರೆದವರನ್ನು ನಾನು ಕಂಡಿಲ್ಲ. ಅಕ್ಕನೂ ನಾನೂ ಈ ಯುಗಾದಿಯಲ್ಲಿ ಬರೆದಿಟ್ಟಿದ್ದೇವೆ. ಅವಳು ಬರೆದದ್ದು ಒಂದೇ ಸಾಲು; ನನ್ನದು ಎರಡು ಪುಟ ತುಂಬಿತು.